ದೊಡ್ಡಬಾತಿ ಮುಟ್ಟುವುದರೊಳಗೆ

ಬಾಳಿನಲ್ಲಿ ಏರಿಳಿತಗಳು ಅನಿವಾರ್ಯ, ಅವನ್ನು ಸಮಚಿತ್ತದಿಂದ ಸ್ವೀಕರಿಸುವವನೇ ನಿಜವಾದ ಜ್ಞಾನಿ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದವರಲ್ಲಿ ಒಬ್ಬರೂ ನನ್ನ ಅಂಬಾಸಡರ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು ದಾವಣಗೆರೆಯಿಂದ ಹರಿಹರಕ್ಕೆ ಹೋದವರಲ್ಲ.

ಈ ವಿಚಾರ ಈಗೇಕೆ ಬಂತೆಂದರೆ, ಇವತ್ತು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಾನು ಒಂದು ಕಬ್ಬಿಣದ ತುಂಡಿಗೆ ಎಡವಿ ಹೆಬ್ಬೆರಳು ಜಜ್ಜಿಕೊಂಡೆ. ಗಾಳಿಗೆ ಬಾಗಿಲು ಬಡಿಯದಿರಲೆಂದು ನನ್ನ ಹೆಂಡತಿ ಗಿರಿಜೆ ಅದನ್ನು ಅಲ್ಲಿ ಒತ್ತಾಗಿ ಇಟ್ಟು ವರ್ಷಗಳಾದವು. ಬಂದವರು ಅದನ್ನು ಯಾವುದೋ ಹಳೆಯ ಸೈಕಲ್ ಪಂಪು ಎಂದುಕೊಳ್ಳುತ್ತಾರೆ. ಅಲ್ಲ. ಅದು ನನ್ನ ಕಾರಿನ ಹಳೆಯ ಷಾಕ್ ಅಬ್ಸಾರ್ಬರ್. ಅದನ್ನು ಬಿಚ್ಚಿದವನು ನಾನೇ. ಅದರ ಜಾಗಕ್ಕೆ ಹೊಸದನ್ನು ಕೂಡಿಸಿದವನೂ ನಾನೇ. ಈ ಎರಡನೆಯ ಮಾತನ್ನು ನಂಬದವರು ನಮ್ಮ ಬಳಗದಲ್ಲಿ ಇನ್ನೂ ಇದ್ದಾರೆ. ಅವರು ನಂಬುವವರೆಗೆ ನಾನು ಹೇಳುವುದನ್ನು ಬಿಡುವವನಲ್ಲ.

ಷಾಕ್ ಅಬ್ಸಾರ್ಬರ್ ಎಂದರೇನೆಂದು ತಿಳಿಯದ ಪುಣ್ಯವಂತರಿಗಾಗಿ ಎರಡು ಮಾತು. ಕಾರಿನ ಹಿಂಭಾಗದ ಭಾರವನ್ನು ಹೊರುವುದು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟೆಗಳು. ಚಕ್ರ ಗುಂಡಿಗೆ ಇಳಿದಾಗ ಪಟ್ಟೆಗಳು ಕುಣಿಯುತ್ತವೆ, ಕುಣಿಯಬೇಕಾದದ್ದೇ. ಆದರೆ ಆ ಕುಣಿತ ಮುಗಿಯಬೇಕಲ್ಲ? ಅದಕ್ಕಾಗಿ ಪಕ್ಕದಲ್ಲಿ ಎಣ್ಣೆ ತುಂಬಿದ ಒಂದೊಂದು ಕೊಳವೆ ಇರುತ್ತದೆ. ಮದುವೆ ಮನೆಯಲ್ಲಿ ಜಗಳ ಹತ್ತಿದಾಗ ನಡುವೆ ನಿಂತು "ಆತು, ಬಿಡ್ರಿ" ಎನ್ನುವ ಹಿರಿಯನಂತೆ ಅದು. ನನ್ನ ಕಾರಿನಲ್ಲಿ ಆ ಹಿರಿಯ ಎಂದೋ ತೀರಿಕೊಂಡಿದ್ದ. ಗುಂಡಿ ದಾಟಿ ಒಂದು ಫರ್ಲಾಂಗು ಹೋದ ಮೇಲೂ ನನ್ನ ಕಾರು ಆ ಗುಂಡಿಯನ್ನು ನೆನೆಸಿಕೊಂಡು ತಲೆಯಾಡಿಸುತ್ತಿತ್ತು.

ನಮಗೆ ಇದು ದೋಷವೆಂದು ಅನ್ನಿಸಿರಲೇ ಇಲ್ಲ. ನಮ್ಮ ವಂಶಕ್ಕೆ ಕುಲುಕು ಹೊಸದಲ್ಲ. ನಾನು ಹುಡುಗನಾಗಿದ್ದಾಗ ಕೊಕ್ಕನೂರಿನ ಸೋದರತ್ತೆಯ ಮನೆಗೆ ಕಮಾನುಗಾಡಿಯಲ್ಲಿ ಹೋಗುತ್ತಿದ್ದೆವು. ತಳಕ್ಕೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ, ಜಮಖಾನದ ಮೇಲೆ ನಾವು. ಅಜ್ಜಿ ಗಡಿಗೆಯಲ್ಲಿ ಮೊಸರು ಒಯ್ಯುತ್ತಿದ್ದಳು. ಅತ್ತೆಯ ಮನೆಯಲ್ಲಿ ಗಡಿಗೆಯ ಬಾಯಿ ಬಿಚ್ಚಿದಾಗ ಮೇಲೆ ಬೆಣ್ಣೆ ತೇಲುತ್ತಿತ್ತು. "ಕಡೆಯೋ ಕೆಲಸ ಉಳೀತು" ಎಂದು ಅಜ್ಜಿ ಎತ್ತುಗಳ ಬೆನ್ನು ಸವರುತ್ತಿದ್ದಳು. ಇಂಥ ಪರಂಪರೆಯಲ್ಲಿ ಬೆಳೆದವನಿಗೆ ಅಂಬಾಸಡರ್ ಕುಲುಕಿದರೆ ಯಾವ ಲೆಕ್ಕ? ಅಪ್ಪ ಕೊಂಡ ಕಾರು ಅದು. ಅಪ್ಪನ ತರುವಾಯ ಬಟ್ಟೆ ಅಂಗಡಿಯ ಜೊತೆಗೆ ಅದೂ ನನಗೆ ಬಂತು. ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾದರು, ಕಾರಿನಲ್ಲಿ ಕುಲುಕು ಹೆಚ್ಚಾಯಿತು. ಎರಡನ್ನೂ ನಾನು ಸಮಚಿತ್ತದಿಂದಲೇ ಸ್ವೀಕರಿಸಿದ್ದೆ.

ಸಮಚಿತ್ತವನ್ನು ಕೆಡಿಸಿದವರು ಹರಿಹರದ ಬೀಗಿತಿ, ನೀಲಮ್ಮನವರು.

ನನ್ನ ಒಬ್ಬಳೇ ಮಗಳು ಶೈಲಾಳನ್ನು ಅವರ ಮಗನಿಗೆ ಕೊಟ್ಟಿದ್ದೇವೆ. ಮದುವೆಯಾದ ಹೊಸದರಲ್ಲಿ ಒಮ್ಮೆ ನೀಲಮ್ಮನವರನ್ನು ನಮ್ಮ ಕಾರಿನಲ್ಲಿ ಅವರ ಊರಿಗೆ ಬಿಟ್ಟು ಬಂದಿದ್ದೆ. ಎಲೆಅಡಿಕೆ ಹಾಕಿಕೊಂಡು ಮಾತನಾಡುತ್ತ ಕೂತಿದ್ದವರು ನಡುದಾರಿಯ ದೊಡ್ಡಬಾತಿ ಹಳ್ಳಿಯ ಹತ್ತಿರ ಒಂದು ಗುಂಡಿಯಲ್ಲಿ ನಾಲಿಗೆ ಕಚ್ಚಿಕೊಂಡರು. ಎರಡು ದಿನ ಅವರಿಗೆ ಮಾತಾಡಲಾಗಲಿಲ್ಲ. ಆ ಎರಡು ದಿನ ಅವರ ಮನೆಮಂದಿಯೆಲ್ಲ ನನ್ನ ಕಾರನ್ನು ಬಹಳ ಗೌರವದಿಂದ ನೆನೆಯುತ್ತಿದ್ದರೆಂದು ಶೈಲಾ ಆಮೇಲೆ ನನಗೆ ಗುಟ್ಟಾಗಿ ಹೇಳಿದಳು. ಮೂರನೆಯ ದಿನದಿಂದ ನೀಲಮ್ಮನವರು ಬಡ್ಡಿ ಸಮೇತ ಮಾತಾಡತೊಡಗಿದರು.

ಶೈಲಾ ಬಸುರಾಗಿ ಏಳನೆಯ ತಿಂಗಳಲ್ಲಿ ಹರಿಹರದ ಮನೆಯಲ್ಲಿ ಕುಬುಸ, ಅಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿ ಆರತಿ ಎತ್ತಿದ ಮೇಲೆ ನಾನು ಸಂಪ್ರದಾಯದಂತೆ ಎದ್ದು ಕೈ ಮುಗಿದು, ಚೊಚ್ಚಲ ಹೆರಿಗೆ ತವರಿನದು, ಬರುವ ವಾರ ಗುರುವಾರ ದಿನ ಚೆನ್ನಾಗಿದೆಯೆಂದು ಅಯ್ಯನವರು ಹೇಳಿದ್ದಾರೆ, ಮಗಳನ್ನು ಕಳಿಸಿಕೊಡಬೇಕು ಎಂದು ಕೇಳಿದೆ.

"ಕರ್ಕಂಡು ಹೋಗ್ರಿ ಬೀಗರೇ, ಬ್ಯಾಡ ಅನ್ನೋರ್ಯಾರು?" ಎಂದರು ನೀಲಮ್ಮನವರು. ಸುತ್ತ ಕೂತಿದ್ದ ಹೆಂಗಸರೆಲ್ಲ ಕೇಳಲೆಂದು ದನಿ ಏರಿಸಿದರು. "ಆದ್ರ ಹೊರಗ ನಿಂತೈತಲ್ಲ, ಆ ಗಾಡಿಯಾಗ ಮಾತ್ರ ಬ್ಯಾಡ. ಅದರಾಗ ಕೂಡ್ಸಿ ಕಳಿಸಿದ್ರ ದೊಡ್ಡಬಾತಿ ಮುಟ್ಟದ್ರೊಳಗ ಹೆರಿಗಿ ಆಗಿರ್ತೈತೆ."

ನಕ್ಕರು. ಎಲ್ಲರೂ ನಕ್ಕರು. ನನ್ನ ಕಡೆಯಿಂದ ಬಂದವರು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ನಕ್ಕರು. ಬೀಗರ ನಡುವೆ ಇಂಥ ಕುಚೋದ್ಯ ಇದ್ದದ್ದೇ, ನಾನೂ ನಕ್ಕು ಸುಮ್ಮನಿರಬಹುದಿತ್ತು. ಆದರೆ ಅಪ್ಪನ ಕಾರು ಅಂಗಳದಲ್ಲಿ ಬಾಗಿಲು ಮುಚ್ಚಿಕೊಂಡು ಎಲ್ಲವನ್ನೂ ಕೇಳುತ್ತ ನಿಂತಿತ್ತು.

"ನನ್ನ ಮಗಳು ನನ್ನ ಕಾರಿನಾಗೇ ಬರ್ತಾಳ್ರಿ" ಎಂದೆ. "ಬೇಕಾದ್ರ ನೀವೂ ಕೂತು ಬರ್ರಿ."

"ನಾನಾ? ನನಗಿರೋದು ಒಂದೇ ನಾಲಿಗಿ ಬೀಗರೇ." ಮತ್ತೆ ನಗು. ಆಮೇಲೆ ಅವರು ಸ್ವಲ್ಪ ಯೋಚಿಸಿ, ನಿಜವಾಗಿಯೇ ಗಂಭೀರರಾಗಿ ಹೇಳಿದರು: "ಆಗ್ಲಿ, ಬರ್ತೀನಿ. ದೊಡ್ಡಬಾತಿತಂಕ ನೋಡ್ತೀನಿ. ಒಂದು ಸಲ, ಒಂದೇ ಸಲ ನನ್ನ ಸೊಂಟ ಸೀಟು ಬಿಟ್ಟು ಮ್ಯಾಲೆದ್ದಿದ್ದು ಗೊತ್ತಾದ್ರ, ಅಲ್ಲೇ ಇಳಿದು ಬಾಡಿಗಿ ಕಾರು ಮಾಡ್ಕಂಡು ಸೊಸೀನ ವಾಪಸ್ ಕರ್ಕಂಡು ಬರ್ತೀನಿ. ಹೆರಿಗಿ ಇಲ್ಲೇ. ಆಮ್ಯಾಲೆ ತವರು ಅದು ಇದು ಅನ್ನಂಗಿಲ್ಲ."

"ಒಪ್ಪಿದೆ" ಎಂದೆ. ಗಿರಿಜೆ ಆ ಕ್ಷಣ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಮದುವೆಯಾದ ಓದುಗರು ಊಹಿಸಿಕೊಳ್ಳಲಿ, ಆಗದವರಿಗೆ ಕಾಲ ಬರುತ್ತದೆ.

ಸೋಮವಾರ ಕಾರನ್ನು ಗ್ಯಾರೇಜಿಗೆ ಒಯ್ದೆ. ಗ್ಯಾರೇಜಿನವನು ಹಿಂದಿನ ಬಂಪರನ್ನು ಒಮ್ಮೆ ಒತ್ತಿ ಬಿಟ್ಟ. ಕಾರು ಕುಣಿಯತೊಡಗಿತು. ಅವನು ನಿಧಾನವಾಗಿ ಬೀಡಿ ತೆಗೆದು, ಹಚ್ಚಿ, ಒಂದು ದಮ್ಮು ಎಳೆದ. ಕಾರು ಇನ್ನೂ ಕುಣಿಯುತ್ತಿತ್ತು.

"ಸಾವ್ಕಾರ್ರೆ, ಇದಕ್ಕ ಹೊಸಾ ಶಾಕಪ್ಸರ್ ಹಾಕೋದು ಅಂದ್ರ ಹೆಣಕ್ಕ ಕನ್ನಡಕ ಹಾಕ್ದಂಗ. ಗುಜರಿಗೆ ಕೊಡ್ರಿ."

"ನಿನಗ ಹಾಕಾಕ ಬರ್ತೈತೋ ಇಲ್ಲೋ?"

"ಬರ್ತೈತ್ರಿ. ಆದ್ರ ನನ್ನ ಗ್ಯಾರೇಜಿಗೂ ಒಂದು ಹೆಸರೈತಲ್ರಿ."

"ಹಂಗಾರ ನಾನೇ ಹಾಕ್ಕಂತೀನಿ" ಎಂದೆ.

ಹೇಳಿದ ಮೇಲೆ ನನ್ನ ಮಾತಿನ ತೂಕ ನನಗೇ ತಿಳಿಯಿತು. ಅದುವರೆಗೆ ಆ ಕಾರಿಗೆ ನಾನು ಸಲ್ಲಿಸಿದ ಯಾಂತ್ರಿಕ ಸೇವೆಯೆಂದರೆ ಆಯುಧಪೂಜೆಯ ದಿನ ಅದರ ಮುಂದೆ ಬೂದುಗುಂಬಳ ಒಡೆದದ್ದು. ಆದರೂ ಮಾತು ಮಾತೇ. ನೇರವಾಗಿ ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಹಿಂಬದಿಗೆಂದು ಒಂದು ಜೊತೆ ಷಾಕ್ ಅಬ್ಸಾರ್ಬರ್ ಕೊಂಡೆ. ಮುಂಬದಿಯವು? ಮುಂದೆ ಕೂರುವವನು ನಾನು. ನನ್ನ ನಾಲಿಗೆಯ ಬಗ್ಗೆ ಯಾರೂ ಪಂಥ ಕಟ್ಟಿರಲಿಲ್ಲ.

ಮನೆಗೆ ಬಂದ ಹೊಸ ವಸ್ತು ಮೊದಲು ದೇವರ ಜಗಲಿಗೆ ಹೋಗಬೇಕು. ಸೀರೆಯಿರಲಿ, ಮಿಕ್ಸಿಯಿರಲಿ, ಶೈಲಾಳ ಪರೀಕ್ಷೆಯ ಹಾಲ್ ಟಿಕೆಟ್ಟೇ ಇರಲಿ, ನಮ್ಮಲ್ಲಿ ಅದೇ ಕ್ರಮ. ಗಿರಿಜೆ ಎರಡೂ ಷಾಕ್ ಅಬ್ಸಾರ್ಬರುಗಳನ್ನು ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, "ಇವಕ್ಕ ತಲಿ ಯಾವ್ದು, ಕಾಲು ಯಾವ್ದು?" ಎಂದು ಕೇಳಿದಳು. ಬಹಳ ಚರ್ಚೆಯಾಗಿ, ತೆಳುವಾದ ತುದಿ ಕಾಲೆಂದು ತೀರ್ಮಾನವಾಯಿತು. ಪೂರ್ವಕ್ಕೆ ತಲೆ ಮಾಡಿ ಜಗಲಿಯ ಮೇಲೆ ಮಲಗಿಸಿದೆವು, ಒಂದೊಂದಕ್ಕೂ ಒಂದೊಂದು ಚೆಂಡುಹೂವು. ಮರುದಿನ ಮಂಗಳವಾರ. ಮಂಗಳವಾರ ನಾವು ಹೊಸದನ್ನು ಯಾವುದನ್ನೂ ಶುರು ಮಾಡುವುದಿಲ್ಲ. ಹಾಗಾಗಿ ಅವು ಬುಧವಾರದವರೆಗೆ ದೇವರ ಸನ್ನಿಧಿಯಲ್ಲಿ ಮಲಗಿಯೇ ಇದ್ದವು. ಮಲಗಿಯೇ ಇದ್ದವು ಎಂಬುದನ್ನು ಓದುಗರು ದಯಮಾಡಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿರಲಿಲ್ಲ.

ಬುಧವಾರ ಬೆಳಿಗ್ಗೆ ನನ್ನ ನೆರವಿಗೆ ಬಂದವರು ಪಕ್ಕದ ಮನೆಯ ಖಾಸಿಂ ಸಾಬರು. ಅವರದು ಗಡಿಯಾರ ರಿಪೇರಿ ಅಂಗಡಿ. ಸೆಲ್ಲಿನ ಗಡಿಯಾರ ಬಂದ ಮೇಲೆ ಜನ ಕೆಟ್ಟದ್ದನ್ನು ರಿಪೇರಿಗೆ ತರುವುದು ಬಿಟ್ಟು ಎಸೆಯುವುದು ಕಲಿತಿದ್ದರು. ಆದ್ದರಿಂದ ಎಸೆಯಿರಿ ಎಂಬ ಮಾತು ಯಾರ ಬಾಯಿಂದ ಬಂದರೂ ಸಾಬರಿಗೆ ಮೈ ಉರಿಯುತ್ತಿತ್ತು.

"ಗುಜರಿಗೆ ಕೊಡ್ರಿ ಅಂದ್ನಾ? ಅವ್ನ ಗ್ಯಾರೇಜೇ ಗುಜರಿ! ನೀವು ಯೋಚ್ನಿ ಮಾಡಬ್ಯಾಡ್ರಿ ಸಾವ್ಕಾರ್ರೆ. ಕಾರು ಅಂದ್ರ ಏನು? ದೊಡ್ಡ ಗಡಿಯಾರ, ಅಷ್ಟೇ" ಎಂದು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಚಿಮಟ, ಸಾಸಿವೆಯಷ್ಟು ತಿರುಪು ಬಿಚ್ಚುವ ಸಾಧನಗಳ ಡಬ್ಬಿ ಹಿಡಿದು ಬಂದರು. ಆ ಡಬ್ಬಿಯಲ್ಲಿ ಕೆಲಸಕ್ಕೆ ಬಂದದ್ದು ಭೂತಗನ್ನಡಿಯೊಂದೇ. ನನ್ನ ಅಪ್ಪನ ಕಾಲದ ಪಾನಾಗಳ ಮೇಲಿದ್ದ ಸವೆದ ನಂಬರು ಅದರಿಂದ ಕಂಡಿತು.

ಜಾಕಿಯಿಂದ ಕಾರಿನ ಹಿಂಭಾಗ ಎತ್ತಿದೆವು. ಜಾಕಿಯೊಂದನ್ನೇ ನಂಬಲು ಗಿರಿಜೆ ಬಿಡಲಿಲ್ಲ. ಮಿಕ್ಸಿ ಬಂದಂದಿನಿಂದ ಹಿತ್ತಲಲ್ಲಿ ಕೆಲಸವಿಲ್ಲದೆ ಕೂತಿದ್ದ ರುಬ್ಬುಗುಂಡುಗಳನ್ನು ಮುಂದಿನ ಚಕ್ರಕ್ಕೆ ಅಡ್ಡ ಇಡಿಸಿದಳು. ಅಂಗಡಿಯ ಹಳೆಯ ತೇಗದ ದಿಮ್ಮಿಗಳನ್ನು ತರಿಸಿ ಕೆಳಗೆ ಆಸರೆ ಕೊಡಿಸಿದಳು. ನಾನು ಕಾರಿನ ಅಡಿಗೆ ತೂರಬೇಕೆನ್ನುವಾಗ ಹತ್ತಿರ ಬಂದು ನಿಂತಳು.

"ನೋಡ್ರಿ. ಕಾರು ಹೋದ್ರ ಇನ್ನೊಂದು ಬರ್ತೈತೆ."

ನಾನು ಅವಳ ಕೈ ಹಿಡಿಯಹೋದೆ.

"ಅದಿರ್ಲಿ, ಪಂಚಿ ಹೊಸದೈತೆ. ಬದ್ಲಿ ಮಾಡ್ಕಂಡು ಮಲಗ್ರಿ."

ನಾವಿರುವ ಕೆ.ಬಿ. ಬಡಾವಣೆಯಂಥ ಜಾಗದಲ್ಲಿ ಬೆಳಗಿನ ಹೊತ್ತು ಒಬ್ಬ ಬಟ್ಟೆ ವ್ಯಾಪಾರಿ ಹಳೆ ಪಂಚೆ ಬನಿಯನ್ನಿನಲ್ಲಿ ಕಾರಿನ ಕೆಳಗೆ ಮಲಗಿದರೆ, ಹಾಲಿಗೆ ಹೋಗುವವರು, ಹಾಲು ತರುವವರು ಎಲ್ಲರೂ ನಿಲ್ಲುತ್ತಾರೆ. "ಏನ್ ಸಾವ್ಕಾರ್ರೆ, ಕಾರು ನಿಮ್ಮ ಮ್ಯಾಲೆ ಹತ್ತೈತೋ, ನೀವೇ ಅದರಡಿ ಹೊಕ್ಕೀರೋ?" ಎಂದು ಒಬ್ಬರು ವಿಚಾರಿಸಿದರು. ಉತ್ತರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಾಯಲ್ಲಿ ವಾಷರ್ ಇತ್ತು.

ಸೋಮವಾರ ರಾತ್ರಿಯೇ ಸೀಮೆಎಣ್ಣೆ ಸುರಿದಿಟ್ಟಿದ್ದರೂ ನಟ್ಟುಗಳು ಅಲುಗಲೊಲ್ಲವು. ನಾನು ಕೆಳಗೆ ಅಂಗಾತ ಮಲಗಿ, ಸಾಬರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಸರದಿಯ ಮೇಲೆ ಒಂದೇ ನಟ್ಟಿಗೆ ಪಾನಾ ಹಾಕುತ್ತಿದ್ದೆವು. ನನ್ನ ಎಡ ಅವರಿಗೆ ಬಲವೆಂಬುದು ಇಬ್ಬರಿಗೂ ಹೊಳೆಯಲು ಬಹಳ ಹೊತ್ತು ಹಿಡಿಯಿತು. ಅಲ್ಲಿಯವರೆಗೆ ನಾನು ಸಡಿಲಿಸಿದ್ದನ್ನು ಅವರು ಅಷ್ಟೇ ಶ್ರದ್ಧೆಯಿಂದ ಬಿಗಿಮಾಡುತ್ತಿದ್ದರು. ಕೊನೆಗೂ ಹಳೆಯವು ಕಳಚಿದವು. ಹೊಸವನ್ನು ಕೂಡಿಸುವಾಗ ತುದಿಯ ತೂತಿಗೆ ಕೂರುವ ರಬ್ಬರ್ ಬುಷ್ ಒಳಗೆ ಹೋಗಲಿಲ್ಲ. "ಬೆಣ್ಣಿ ಹಚ್ರಿ" ಎಂದಳು ಗಿರಿಜೆ. ದಾವಣಗೆರೆಯಲ್ಲಿ ಬೆಣ್ಣೆಯಿಂದ ಆಗದ ಕೆಲಸ ಯಾವುದಿದೆ? ಹಚ್ಚಿದೆವು, ಹೋಯಿತು. ಓಣಿಯ ಬೆಕ್ಕೊಂದು ಅಂದಿನಿಂದ ಒಂದು ವಾರ ನಮ್ಮ ಕಾರಿನ ಅಡಿಯಲ್ಲೇ ಸಂಸಾರ ಹೂಡಿತು.

ಮಧ್ಯಾಹ್ನದ ಹೊತ್ತಿಗೆ ಕಾರನ್ನು ಇಳಿಸಿದೆವು. ನಾನು ಕೈ ತೊಳೆದು, ಓಣಿಯವರೆಲ್ಲ ನೋಡುತ್ತಿರಲು, ಗ್ಯಾರೇಜಿನವನ ಹಾಗೆಯೇ ಹಿಂದಿನ ಬಂಪರನ್ನು ಒತ್ತಿ ಬಿಟ್ಟೆ.

ಕಾರು ಕುಣಿಯಿತು. ಮೊದಲಿನಷ್ಟೇ ಉತ್ಸಾಹದಿಂದ ಕುಣಿಯಿತು.

ಸಾಬರು ಕಣ್ಣಿನಿಂದ ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡರು. ಅದೇ ಹೊತ್ತಿಗೆ ಒಳಗೆ ಫೋನು ಬಡಿದುಕೊಂಡಿತು. ಶೈಲಾ.

"ಅಪ್ಪಾಜಿ, ನಾಳಿಗೆ ಟ್ಯಾಕ್ಸಿ ತಂದ್ರೂ ನನಗೇನು ಬ್ಯಾಸರಿಲ್ಲ. ಅತ್ತಿ ಮಾತಿಗೆ ಸುಮ್ನ ಹಟ ಹಿಡೀಬ್ಯಾಡ್ರಿ. ನನಗ ಅಲ್ಲಿಗೆ ಬಂದ್ರ ಸಾಕಾಗೈತೆ."

ಇಷ್ಟು ಹೇಳಿ ಇಟ್ಟಳು. ಬೀಗಿತಿಯ ಮಾತು ಚುಚ್ಚಿತ್ತು, ಗ್ಯಾರೇಜಿನವನ ಮಾತು ಉರಿಸಿತ್ತು. ಮಗಳ ಈ ಮೆತ್ತನೆಯ ಮಾತಿಗೆ ಮಾತ್ರ ನನ್ನ ಹಟ ಸಡಿಲಾಯಿತು. ಅಂಗಳಕ್ಕೆ ಬಂದು ಬಂಪರಿನ ಮೇಲೆ ಕೂತೆ. ಕಾರು ನನ್ನನ್ನೂ ಏರಿಳಿಸಿತು. ಎಷ್ಟು ಸಲೀಸಾಗಿ, ಏನೂ ಅಡ್ಡಿಯಿಲ್ಲದೆ, ಟೊಳ್ಳಾಗಿ. ಆ ಟೊಳ್ಳು ನನಗೆ ಎಲ್ಲೋ ಪರಿಚಯವಿದ್ದಂತೆ ತೋರಿತು. ಕೈಗೆ ಪರಿಚಯ, ತಲೆಗಲ್ಲ.

ನಾನು ಹುಡುಗನಾಗಿದ್ದಾಗ ಹಳೇಪೇಟೆಯ ನಮ್ಮ ಮೊದಲಿನ ಮನೆಯ ಹಿತ್ತಲಲ್ಲಿ ಒಂದು ಕೈಪಂಪು ಇತ್ತು. ಬೆಳಿಗ್ಗೆ ನೀರು ಒತ್ತುವುದು ನನ್ನ ಪಾಲಿನ ಕೆಲಸ. ರಾತ್ರಿಯೆಲ್ಲ ಸುಮ್ಮನಿದ್ದ ಪಂಪು ಮೊದಲಿಗೆ ಕೈಗೆ ಏನೂ ಕೊಡುತ್ತಿರಲಿಲ್ಲ. ಹಿಡಿಕೆ ಹೀಗೆಯೇ, ಸಲೀಸಾಗಿ, ಟೊಳ್ಳಾಗಿ ಏರಿಳಿಯುತ್ತಿತ್ತು. ನಾನು ಬೇಸತ್ತು, ಕೆಟ್ಟಿದೆ ಎಂದು ಕೂಗುತ್ತಿದ್ದೆ. ಅಪ್ಪ ಒಳಗಿನಿಂದಲೇ, ಪೂಜೆಯ ಮಧ್ಯದಲ್ಲೇ ಕೂಗುತ್ತಿದ್ದ: "ಕೆಟ್ಟಿಲ್ಲಲೇ. ಗಾಳಿ ಕುಂತೈತೆ. ಗಾಳಿ ಹೋಗಾತಂಕ ಬಿಡಬ್ಯಾಡ, ಒತ್ತು!" ಒತ್ತುತ್ತಿದ್ದೆ. ಒತ್ತಿ ಒತ್ತಿ ಭುಜ ಸೋಲುವಾಗ ಹಿಡಿಕೆಗೆ ತಟ್ಟನೆ ತೂಕ ಬರುತ್ತಿತ್ತು. ನೀರು ಕಾಣುವುದಕ್ಕೆ ಮೊದಲೇ ಅದು ಕೈಗೆ ತಿಳಿಯುತ್ತಿತ್ತು.

ನಾನು ಎದ್ದೆ. "ಸಾಬ್ರೆ, ಜಾಕಿ ಹಾಕ್ರಿ. ಮತ್ತ ಬಿಚ್ಚಾನು."

"ಮತ್ತಾ?" ಎಂದರು ಸಾಬರು. ಆದರೆ ಅವರಾಗಲೇ ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಿದ್ದರು.

ಈ ಸಲ ಎಡಬಲದ ತಕರಾರಿಲ್ಲದೆ ಬೇಗ ಕಳಚಿತು. ಒಂದನ್ನು ಹೊಸ್ತಿಲ ಹೊರಗೆ ನೆಟ್ಟಗೆ ನಿಲ್ಲಿಸಿ, ತುದಿಯನ್ನು ಪಾದದಿಂದ ಅದುಮಿ ಹಿಡಿದು, ಮೇಲಕ್ಕೆಳೆದೆ, ಒತ್ತಿದೆ. ಟೊಳ್ಳು. ಎಳೆದೆ, ಒತ್ತಿದೆ. ಟೊಳ್ಳು. ನೋಡುವವರು ಮುಖ ಮುಖ ನೋಡಿಕೊಂಡರು. ಬಿಡಲಿಲ್ಲ. ಬೆವರು ಕಣ್ಣಿಗಿಳಿಯುವ ಹೊತ್ತಿಗೆ ಒಳಗೆಲ್ಲೋ ಗುಳುಕ್ ಎಂದಿತು, ಮತ್ತು ಅಪ್ಪನ ಪಂಪಿನ ತೂಕ ನನ್ನ ಕೈಗೆ ಬಂತು.

"ಹಿಡಕಂತು!" ಎಂದು ನಾನು ಕೂಗಿದ್ದು ಓಣಿಯ ತುದಿಗೆ ಕೇಳಿಸಿತಂತೆ. ಸಾಬರು ನನ್ನ ಕೈಯಿಂದ ಕಿತ್ತುಕೊಂಡು ತಾವೂ ಒತ್ತಿ ನೋಡಿ, "ವಾರೆವ್ಹಾ! ಈಗ ಎದುರು ಮಾತಾಡ್ತೈತೆ ನೋಡ್ರಿ" ಎಂದರು.

ಎರಡು ದಿನ ಮಲಗಿಸಿಟ್ಟದ್ದರಿಂದ ಕೊಳವೆಯೊಳಗೆ ಎಣ್ಣೆಯ ಜಾಗಕ್ಕೆ ಗಾಳಿ ಸೇರಿತ್ತು. ಗಿರಿಜೆಗೆ ಇದನ್ನು ವಿವರಿಸಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಎರಡು ದಿನ ಬಿದ್ಕಂಡ್ರ ಯಾರಿಗಾದ್ರೂ ವಾಯು ತುಂಬ್ತೈತೆ. ನಿಮಗ ತುಂಬಲ್ವಾ?" ಎಂದಳು. ತನ್ನ ಪೂಜೆಯಲ್ಲಿ ತಪ್ಪಿತ್ತೆಂದು ಅವಳು ಇಂದಿಗೂ ಒಪ್ಪಿಲ್ಲ. ಪೂಜೆ ಮಾಡಿದ್ದರಿಂದಲೇ ನನಗೆ ಕೈಪಂಪು ನೆನಪಾಯಿತಂತೆ.

ಎರಡಕ್ಕೂ ಗಾಳಿ ಬಿಡಿಸಿ, ಎಳೆಗೂಸನ್ನು ಎತ್ತಿದಂತೆ ನೆಟ್ಟಗೆ ಎತ್ತಿಕೊಂಡು ಹೋಗಿ ಕೂಡಿಸಿದೆವು. ಬಂಪರ್ ಒತ್ತಿದರೆ ಕಾರು ಒಮ್ಮೆ ತಗ್ಗಿ, ಒಮ್ಮೆ ಎದ್ದು, ಸುಮ್ಮನಾಯಿತು. ಇಷ್ಟಕ್ಕೇ ತೃಪ್ತನಾಗದೆ, ಸಂಜೆ ಗಿರಿಜೆಯ ಕೈಗೆ ಚೊಂಬು ತುಂಬ ಮಜ್ಜಿಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕೂರಿಸಿ, ಹದಡಿಯವರೆಗೆ ಹೋಗಿ ಬಂದೆ. ದಾರಿಯಲ್ಲಿ ಯಾವ ಗುಂಡಿಯನ್ನೂ ತಪ್ಪಿಸಲಿಲ್ಲ. ಕೆಲವನ್ನು ಹುಡುಕಿಕೊಂಡು ಹೋದೆ. ಮನೆ ಮುಂದೆ ಇಳಿದಾಗ ಚೊಂಬು ಅರ್ಧವಾಗಿತ್ತು.

"ಇಷ್ಟು ಚೆಲ್ತಾ?"

"ಎಲ್ಲಿ ಚೆಲ್ತು? ಬಾಯಾರಿತ್ತು, ಕುಡಿದೆ."

ಗುರುವಾರ ಹರಿಹರದಲ್ಲಿ ನೀಲಮ್ಮನವರು ಯುದ್ಧಕ್ಕೆ ಹೊರಟವರಂತೆ ಕಾರು ಹತ್ತಿದರು. ಎಲೆಅಡಿಕೆ ಚೀಲವನ್ನು ಬಿಚ್ಚದೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನಾಲಿಗೆಯ ವಿಷಯದಲ್ಲಿ ಅವರು ಯಾವ ಅಪಾಯಕ್ಕೂ ಸಿದ್ಧರಿರಲಿಲ್ಲ. ಒಂದು ಕೈ ಬಾಗಿಲ ಹಿಡಿಯ ಮೇಲೆ, ಇನ್ನೊಂದು ಸೊಸೆಯ ಮಂಡಿಯ ಮೇಲೆ. ಶೈಲಾ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಗಿರಿಜೆ ನನ್ನ ಪಕ್ಕದಲ್ಲಿ, ಅಂಗೈಯಲ್ಲಿ ಲಿಂಗ ಹಿಡಿದು.

"ನಡೀರಿ ಬೀಗರೇ" ಎಂದರು ನೀಲಮ್ಮನವರು. "ದೊಡ್ಡಬಾತಿತಂಕ."

ಊರು ದಾಟಿತು. ಬಾತಿ ಗುಡ್ಡ ಕಾಣುವ ತಿರುವಿನಲ್ಲಿ ಒಂದು ಗುಂಡಿ ಇತ್ತು. ಅವರು ಅಂದು ನಾಲಿಗೆ ಕಚ್ಚಿಕೊಂಡದ್ದು ಅಲ್ಲಿಯೇ. ಎದುರಿಗೆ ಲಾರಿ ಬರುತ್ತಿದ್ದುದರಿಂದ ತಪ್ಪಿಸುವ ದಾರಿಯಿರಲಿಲ್ಲ. ತಪ್ಪಿಸುವ ಮನಸ್ಸೂ ಇರಲಿಲ್ಲವೆಂದು ಈಗ ಹೇಳಬಹುದು. ಚಕ್ರ ಇಳಿಯಿತು. ಕಾರು ತಗ್ಗಿತು, ಎದ್ದಿತು, ಸುಮ್ಮನಾಯಿತು. ಹಿಂದಿನಿಂದ ಬರಬೇಕಾದ ಮಾತಿಗಾಗಿ ನಾನು ಕಾದೆ. ಬರಲಿಲ್ಲ. ಅಷ್ಟು ಹೊತ್ತು ನೀಲಮ್ಮನವರು ಮಾತಾಡದಿದ್ದರೆ ಏನೋ ಅನಾಹುತವಾಗಿದೆಯೆಂದೇ ಅರ್ಥ. ಹೆದರಿ ಕನ್ನಡಿಯಲ್ಲಿ ನೋಡಿದೆ.

ಅವರ ತಲೆ ಶೈಲಾಳ ಹೆಗಲ ಮೇಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಶೈಲಾ ತುಟಿಯ ಮೇಲೆ ಬೆರಳಿಟ್ಟು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, ಸದ್ದಿಲ್ಲದೆ ನಗುತ್ತಿದ್ದಳು.

ದೊಡ್ಡಬಾತಿ ಬಂತು. ಕಾರು ನಿಲ್ಲಿಸಿ, ಬೀಗಿತಿಯನ್ನು ಎಬ್ಬಿಸಿ, ಕೈ ಮುಗಿದು ಊರಿನ ಹೆಸರು ಹೇಳಬೇಕೆಂದು ಎದೆ ತುಂಬ ಆಸೆಯಿತ್ತು. ಗಿರಿಜೆ ನನ್ನ ಕಡೆ ಒಮ್ಮೆ ನೋಡಿದಳು. ನಿಲ್ಲಿಸಲಿಲ್ಲ. ಆದರೆ ದಾವಣಗೆರೆಯಲ್ಲಿ ಆ ಗ್ಯಾರೇಜಿನ ಮುಂದೆ ಹಾಯುವಾಗ ಹಾರ್ನ್ ಹೊಡೆಯುವುದನ್ನು ಯಾರಿಂದಲೂ ತಡೆಯಲಾಗಲಿಲ್ಲ. ಉದ್ದಕ್ಕೆ ಹೊಡೆದೆ.

ಆ ಸದ್ದಿಗೆ ನೀಲಮ್ಮನವರು ಎಚ್ಚರಗೊಂಡು ಸೆರಗು ಸರಿಮಾಡಿಕೊಂಡರು.

"ದೊಡ್ಡಬಾತಿ ಬಂತೇನ್ರಿ ಬೀಗರೇ?"

"ಬಂದು ಹೋತ್ರಿ."

ಹೆರಿಗೆ ದಾವಣಗೆರೆಯಲ್ಲಿ ಆಯಿತು.